14 ತಿಂಗಳ ಮೇಲೆ ಮತ್ತೆ ಮೈಕ್ ಹಿಡಿದೆ

ಮೊನ್ನೆ ಶನಿವಾರ ತಿಪಟೂರು ಹತ್ತಿರದ ಒಂದು ಊರಲ್ಲಿ ರಾಜ್ಯೋತ್ಸವದ ಕಾರ್ಯಕ್ರಮ. ಎರಡೂವರೆ ಗಂಟೆ ನಡೆಯಿತು. ನನ್ನ ಪಾಲಿಗೆ ಒಂಬತ್ತು ಹಾಡು. ಗಂಟಲು ಒಂದು ಸಲವೂ ಕೈಕೊಡಲಿಲ್ಲ. ಮನೆಗೆ ಬಂದು ಮಲಗಿದರೆ ನಿದ್ದೆ ಹತ್ತಲಿಲ್ಲ. ಬೆಳಗ್ಗೆ ಎದ್ದವನೇ ಮೊದಲು "ಅಮ್ಮಾ" ಅಂತ ಕರೆದು ನೋಡಿದೆ. ದನಿ ಇತ್ತು. ಅಡುಗೆಮನೆಯಿಂದ ಅಮ್ಮ "ಏನೋ?" ಅಂದರು. ಏನೂ ಇಲ್ಲ ಅಂದೆ. ಅವರಿಗೆ ಅರ್ಥವಾಯಿತು, ಹೊರಗೆ ಬಂದು ತಲೆ ಸವರಿ ಹೋದರು.

ಎರಡು ದಿನದಿಂದ ಫೋನ್ ಸುಮ್ನೆ ಇಲ್ಲ. ಒಬ್ಬೊಬ್ಬರಿಗೂ ಉತ್ತರ ಬರೆಯೋಣ ಅಂದುಕೊಂಡೆ, ಆಗಲಿಲ್ಲ. ಹಾಗಾಗಿ ಎಲ್ಲರಿಗೂ ಒಟ್ಟಿಗೆ ಇಲ್ಲಿ ಬರೆಯುತ್ತಿದ್ದೇನೆ.

ಹೋದ ವರ್ಷದ ಗಣೇಶನ ಹಬ್ಬದಲ್ಲಿ ಒಂಬತ್ತು ದಿನಕ್ಕೆ ಹನ್ನೊಂದು ಕಾರ್ಯಕ್ರಮ ಒಪ್ಪಿಕೊಂಡಿದ್ದೆ. 24 ವರ್ಷದಿಂದ ಆರ್ಕೆಸ್ಟ್ರಾದಲ್ಲಿ ಹಾಡುವವನು, ಆಗುತ್ತೆ ಬಿಡು ಅನ್ನೋ ಧೈರ್ಯ. ಎಂಟನೇ ದಿನ ವೇದಿಕೆ ಮೇಲೆ ದನಿ ಒಡೆಯಿತು. ಹತ್ತನೇ ಕಾರ್ಯಕ್ರಮ ಮುಗಿಯುವಷ್ಟರಲ್ಲಿ ಮಾತೂ ಹೊರಡಲಿಲ್ಲ. ಧ್ವನಿತಂತುಗಳ ಮೇಲೆ ಗಂಟು ಬಂದಿದೆ ಅಂದರು ಡಾಕ್ಟರು. ಮೊದಲು ವಿಶ್ರಾಂತಿ, ಮಾತ್ರೆ. ಅದರಿಂದ ಆಗದೆ ಆಪರೇಷನ್. ಆಮೇಲೆ ಹತ್ತು ದಿನ ಪೂರ್ತಿ ಮೌನ. ಪಿಸುಮಾತೂ ಆಡಬಾರದು, ಪಿಸುಗುಟ್ಟಿದರೂ ತಂತುಗಳಿಗೆ ಭಾರ ಬೀಳುತ್ತೆ ಅಂತ ಅವರು ಬಿಡಿಸಿ ಹೇಳಿದ್ದರು. ಮಗಳ ಹಳೇ ಸ್ಲೇಟು ಹುಡುಕಿ ಕೊಟ್ಟಳು ನನ್ನ ಹೆಂಡತಿ. ಆ ದಿನಗಳ ಬಗ್ಗೆ ಜಾಸ್ತಿ ಬರೆಯಲು ಮನಸ್ಸಿಲ್ಲ. ಹಾಡುವವನಿಗೆ ದನಿ ಹೋದರೆ ಏನಾಗುತ್ತೆ ಅಂತ ನಿಮಗೆ ನಾನು ಹೇಳಬೇಕಾ?

ಬರೆಯಬೇಕಿರುವುದು ಆಮೇಲಿನದು.

ದನಿ ಚಿಕಿತ್ಸೆಗೆ ಒಬ್ಬರು ಮೇಡಂ ಹತ್ತಿರ ಕಳಿಸಿದರು. ಅವರು ಸಂಗೀತ ಕಲಿತವರಲ್ಲ. ಮೊದಲ ದಿನ ಒಂದು ಸ್ಟೀಲ್ ಲೋಟಕ್ಕೆ ಅರ್ಧ ನೀರು ಹಾಕಿ, ಜ್ಯೂಸ್ ಕುಡಿಯುವ ಸ್ಟ್ರಾ ಕೊಟ್ಟರು. ಸ್ಟ್ರಾ ತುದಿ ನೀರಲ್ಲಿ ಮುಳುಗಿರಬೇಕು, ಬಾಯಿಂದ "ಊ" ಅನ್ನಬೇಕು, ಗುಳ್ಳೆ ಒಂದೇ ಸಮ ಬರಬೇಕು. ದನಿ ಒತ್ತಿದರೆ ಗುಳ್ಳೆ ಕುದಿದು ನೀರು ಹೊರಗೆ ಚೆಲ್ಲುತ್ತೆ. ದನಿ ನಿಂತರೆ ಗುಳ್ಳೆಯ ಸದ್ದೂ ಬದಲಾಗುತ್ತೆ. ಗಂಟಲಿಗೆ ಪೆಟ್ಟಾಗದಂತೆ ತಂತುಗಳನ್ನು ಆಡಿಸುವ ಅಭ್ಯಾಸ ಅದು. ವಾರ ಕಳೆದ ಮೇಲೆ ಮೇಡಂ, "ಸರ್, ಸುಮ್ನೆ ಊ ಅನ್ನೋ ಬದಲು ನಿಮಗೆ ಗೊತ್ತಿರೋ ಒಂದು ಹಾಡು ಗುನುಗಿ. ಮೆತ್ತಗಿನದು" ಅಂದರು.

ನನಗೆ ಬರುವ ಹಾಡುಗಳೆಲ್ಲ ಎಸ್‌ಪಿಬಿ, ಅಂದರೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರವು. ಆರ್ಕೆಸ್ಟ್ರಾದಲ್ಲಿ ನನ್ನನ್ನು ಕರೆಯುವುದೇ ಎಸ್‌ಪಿಬಿ ಹಾಡಿಗೆ. ಲೋಟದಲ್ಲಿ ಅವುಗಳನ್ನು ಗುನುಗಲು ಹೋದರೆ ನೀರು ಚೆಲ್ಲಿ ಅಂಗಿ ಒದ್ದೆಯಾಯಿತು. ಆಗ ನೆನಪಾಗಿದ್ದು ನಮ್ಮ ತಬಲಾ ಮಾಮ. ಪ್ರತಿ ಕಾರ್ಯಕ್ರಮಕ್ಕೂ ಮೊದಲು ಅವರದು ಒಂದೇ ಹಟ, "ಒಂದು ಪಿಬಿಎಸ್ ಹಾಡಿನಿಂದ ಶುರು ಮಾಡೋ." ಪಿಬಿಎಸ್ ಅಂದರೆ ಹಿರಿಯ ಗಾಯಕ ಪಿ.ಬಿ. ಶ್ರೀನಿವಾಸ್. ಜನ ಇನ್ನೂ ಸೇರುತ್ತಿರುವಾಗ, ಕುರ್ಚಿ ಹಾಕುತ್ತಿರುವಾಗ ಹಾಡುವ ಹಾಡು ಅದು ಅಂತ ನಾನು ತಿಳಿದಿದ್ದೆ. ಸುಲಭದ್ದು ಅಂತಲೂ ತಿಳಿದಿದ್ದೆ. 24 ವರ್ಷ ಹಾಗೆ ತಿಳಿದಿದ್ದು ತಪ್ಪು. ಮಾಮನ ಹತ್ತಿರ ಈ ಮಾತು ಹೇಳಿ ಕ್ಷಮೆ ಕೇಳಿದ್ದೇನೆ, ಇಲ್ಲಿ ಎಲ್ಲರ ಎದುರೂ ಹೇಳುತ್ತೇನೆ.

ಲೋಟದಲ್ಲಿ ಮೊದಲು ಗುನುಗಿದ್ದು 'ಕಸ್ತೂರಿ ನಿವಾಸ'ದ 'ಆಡಿಸಿ ನೋಡು ಬೀಳಿಸಿ ನೋಡು'. 1971ರ ಚಿತ್ರ, ಜಿ.ಕೆ. ವೆಂಕಟೇಶ್ ಸಂಗೀತ. ಗುಳ್ಳೆ ಒಂದೇ ಸಮ ಬಂತು. ಮೇಡಂ ತಲೆಯಾಡಿಸಿದರು. ನಾನು ಅಲ್ಲೇ ಅತ್ತುಬಿಟ್ಟೆ.

ಅಲ್ಲಿಂದ ಮೂರು ತಿಂಗಳು ಪಿ.ಬಿ. ಶ್ರೀನಿವಾಸ್ ಅವರನ್ನು ಬಿಟ್ಟು ಬೇರೆ ಯಾರನ್ನೂ ಕೇಳಲಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಕಿವಿಗೆ ಇಯರ್‌ಫೋನ್ ಹಾಕಿ, ತೀರಾ ಕಡಿಮೆ ಸದ್ದಲ್ಲಿ ಕೇಳುವುದು. ಅವರು ಪದದ ಕೊನೆಯನ್ನು ಒತ್ತುವುದಿಲ್ಲ. ಮಲಗಿದ ಮಗುವಿನ ತಲೆಯಡಿಯಿಂದ ಕೈ ತೆಗೆಯುತ್ತೇವಲ್ಲ, ಹಾಗೆ ಬಿಡುತ್ತಾರೆ. ಕೆಳಗಿನ ಸ್ವರಕ್ಕೆ ಇಳಿದಾಗಲೂ ದನಿ ತುಂಬಿಕೊಂಡೇ ಇರುತ್ತೆ, ಗಾಳಿ ಸೋರುವುದಿಲ್ಲ. ಹಾಗೆ ಹಾಡಿ ನೋಡಿ, ಎಷ್ಟು ಕಷ್ಟ ಅಂತ ಗೊತ್ತಾಗುತ್ತೆ. ಮೇಲಿನ ಸ್ವರದಲ್ಲಿ ಜೋರಾಗಿ ಹಾಡಿದರೆ ಸಣ್ಣಪುಟ್ಟ ತಪ್ಪು ಮುಚ್ಚಿಹೋಗುತ್ತೆ. ಇಲ್ಲಿ ಮುಚ್ಚಿಕೊಳ್ಳಲು ಜಾಗವೇ ಇಲ್ಲ.

ಇನ್ನೊಂದು ವಿಷಯಕ್ಕೂ ಅವರನ್ನು ಆ ದಿನಗಳಲ್ಲಿ ನೆನೆದೆ. ಅಣ್ಣಾವ್ರು ಪಿಬಿಎಸ್ ಅವರನ್ನು ತಮ್ಮ ಶಾರೀರ ಅನ್ನುತ್ತಿದ್ದರು. 1974ರಲ್ಲಿ 'ಸಂಪತ್ತಿಗೆ ಸವಾಲ್' ಚಿತ್ರಕ್ಕೆ ಅಣ್ಣಾವ್ರು ತಾವೇ ಹಾಡಿದರು. ಜನ ಆ ದನಿಯನ್ನು ತಲೆ ಮೇಲೆ ಹೊತ್ತರು. ಆಮೇಲೆ ಪಿಬಿಎಸ್ ಅವರಿಗೆ ಹಾಡುಗಳು ಕಡಿಮೆಯಾಗುತ್ತಾ ಬಂದವು. ಅವರು ಜೇಬಿನ ತುಂಬ ಬಣ್ಣ ಬಣ್ಣದ ಪೆನ್ನು ಇಟ್ಟುಕೊಂಡು, ಮದ್ರಾಸಿನ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಹೋಟೆಲಿನಲ್ಲಿ ಕೂತು ಎಂಟು ಭಾಷೆಗಳಲ್ಲಿ ಕವಿತೆ ಬರೆಯುತ್ತಿದ್ದರು. ಸ್ಲೇಟು ಹಿಡಿದು ಕೂತ ನನಗೆ ಆ ಚಿತ್ರ ಎಷ್ಟು ಧೈರ್ಯ ಕೊಟ್ಟಿತು ಅಂತ ಹೇಳಲು ಬರುವುದಿಲ್ಲ. ದನಿಗೆ ಕೆಲಸ ಇಲ್ಲದ ದಿನವೂ ಅವರು ಖಾಲಿ ಕೂರಲಿಲ್ಲ.

ಈಗ ಎಸ್‌ಪಿಬಿ ವಿಷಯಕ್ಕೆ ಬರುತ್ತೇನೆ.

ನಾಲ್ಕನೇ ತಿಂಗಳು ಮೇಡಂ ಕೇಳಿದರು, "ನಿಮ್ಮ ದನಿ ಒಡೆದಿದ್ದು ಯಾವ ಹಾಡಲ್ಲಿ ಸರ್?" 'ಹಾವಿನ ದ್ವೇಷ ಹನ್ನೆರಡು ವರುಷ' ಅಂದೆ. 'ನಾಗರಹಾವು' ಚಿತ್ರದ್ದು. ನಮ್ಮ ತಂಡದಲ್ಲಿ ಅದಕ್ಕೆ ಜನ ಕುರ್ಚಿ ಬಿಟ್ಟು ಏಳುತ್ತಾರೆ. ನಾನು ಕುತ್ತಿಗೆಯ ನರ ಉಬ್ಬುವ ಹಾಗೆ ಹಾಡುತ್ತಿದ್ದೆ. ಮೇಡಂ ಫೋನಲ್ಲಿ ಮೂಲ ಹಾಡು ಹಾಕಿ, ಕಣ್ಣು ಮುಚ್ಚಿ ಕೇಳಿ, "ಇವರು ಕಿರುಚುತ್ತಾ ಇದ್ದಾರಾ ಸರ್? ಸರಿಯಾಗಿ ಕೇಳಿ" ಅಂದರು.

ಕೇಳಿದೆ. ಎರಡನೇ ಸಲ ಕೇಳಿದೆ. ಎಸ್‌ಪಿಬಿ ಕಿರುಚುತ್ತಿಲ್ಲ. 'ದ್ವೇಷ' ಅನ್ನುವಾಗ ಪೆಟ್ಟು ಬೀಳುವುದು 'ದ್ವ' ಅಕ್ಷರಕ್ಕೆ, ಗಂಟಲಿಗಲ್ಲ. ಸಿಟ್ಟೆಲ್ಲ ನಾಲಿಗೆ, ಹಲ್ಲು, ತುಟಿಯಲ್ಲಿದೆ. ಗಂಟಲು ಆರಾಮಾಗಿದೆ. ನಾನು ಇಷ್ಟು ವರ್ಷ ಅವರ ಸಿಟ್ಟನ್ನು ಸದ್ದು ಅಂದುಕೊಂಡು ನಕಲು ಮಾಡಿದ್ದೆ.

ಅದೇ ಚಿತ್ರದಲ್ಲಿ 'ಬಾರೆ ಬಾರೆ' ಹಾಡಿರುವುದು ಪಿಬಿಎಸ್. 1972, ಪುಟ್ಟಣ್ಣ ಕಣಗಾಲ್ ನಿರ್ದೇಶನ, ವಿಜಯಭಾಸ್ಕರ್ ಸಂಗೀತ. ವಿಷ್ಣು ಸರ್ ನಾಯಕನಾದ ಮೊದಲ ಚಿತ್ರ. ಒಬ್ಬನೇ ರಾಮಾಚಾರಿ. ಅವನಿಗೆ ಪ್ರೀತಿ ಬಂದಾಗ ಪಿಬಿಎಸ್ ದನಿ, ರೊಚ್ಚು ಬಂದಾಗ ಎಸ್‌ಪಿಬಿ ದನಿ. ಹಿರಿಯರಿಗೆ 40 ದಾಟಿತ್ತು, ಕಿರಿಯರಿಗೆ ಇನ್ನೂ 26 ಆಸುಪಾಸು. ಒಂದೇ ಪಾತ್ರಕ್ಕೆ ಎರಡು ಕಂಠ ಅಂತ ನೋಡುವವರಿಗೆ ಅನ್ನಿಸುವುದೇ ಇಲ್ಲ, ಅಲ್ವಾ? ಎರಡೂ ಅವನದೇ ಅನ್ನಿಸುತ್ತೆ. ನನಗೆ ಈಗ ಅನ್ನಿಸುವುದು ಇದು: ಇಬ್ಬರೂ ಗಂಟಲನ್ನು ಬಲವಂತ ಮಾಡಿದವರಲ್ಲ, ಆ ಬೇರು ಒಂದೇ. ಅದಕ್ಕೇ ಆ ಪಾತ್ರದ ಮೈಯಲ್ಲಿ ಇಬ್ಬರೂ ಜಗಳವಿಲ್ಲದೆ ಕೂತರು.

ವ್ಯಾನಿನಲ್ಲಿ ನಮ್ಮವರ ಜಗಳ ನಿಮಗೂ ಗೊತ್ತಿರುತ್ತೆ. ಪಿಬಿಎಸ್ ದೊಡ್ಡವರಾ, ಎಸ್‌ಪಿಬಿ ದೊಡ್ಡವರಾ? ಮಾಮನ ಕಡೆ ಒಂದಿಬ್ಬರು, ನನ್ನ ಕಡೆ ಉಳಿದವರೆಲ್ಲ. ಒಬ್ಬರು 1930ರಲ್ಲಿ ಕಾಕಿನಾಡದಲ್ಲಿ ಹುಟ್ಟಿದವರು, ಇನ್ನೊಬ್ಬರು 1946ರಲ್ಲಿ ನೆಲ್ಲೂರಿನ ಕಡೆ. ಇಬ್ಬರ ಮನೆಮಾತೂ ತೆಲುಗು, ಇಬ್ಬರೂ ಬಾಳಿದ್ದು ಮದ್ರಾಸಲ್ಲಿ. ಆದರೂ ನವೆಂಬರ್ ಬಂದರೆ ಪಿಬಿಎಸ್ ಹಾಡಿದ 'ನಾವಾಡುವ ನುಡಿಯೇ ಕನ್ನಡ ನುಡಿ' ಇಲ್ಲದೆ ನಮ್ಮ ವೇದಿಕೆ ಏಳುವುದಿಲ್ಲ. 1967ರಲ್ಲಿ ಕನ್ನಡಕ್ಕೆ ಬಂದ ಎಸ್‌ಪಿಬಿ, ಮುಂದಿನ ಜನ್ಮ ಇದ್ದರೆ ಕನ್ನಡನಾಡಲ್ಲಿ ಹುಟ್ಟಬೇಕು ಅನ್ನುತ್ತಿದ್ದರು.

ವ್ಯತ್ಯಾಸ ಇಲ್ಲವೇ ಇಲ್ಲ ಅಂತ ಹೇಳುತ್ತಿಲ್ಲ. ಪಿಬಿಎಸ್ ಹಾಡಿನ ಹಿಂದೆ ನಿಲ್ಲುತ್ತಾರೆ. ಹಾಡು ಮುಗಿದಾಗ ನಿಮಗೆ ನೆನಪಿರುವುದು ಮಾತು ಮತ್ತು ಧಾಟಿ. ಎಸ್‌ಪಿಬಿ ಹಾಡಿನೊಳಗೆ ಹೊಕ್ಕು ಓಡಾಡುತ್ತಾರೆ. ನಡುವೆ ನಗುತ್ತಾರೆ, ಬಿಕ್ಕುತ್ತಾರೆ. ಶಂಕರ್‌ನಾಗ್‌ಗೆ ಹಾಡಿದಾಗ ಶಂಕರಣ್ಣನ ತುಂಟತನ ಬರುತ್ತೆ, ಅಂಬರೀಷ್‌ಗೆ ಹಾಡಿದಾಗ ಆ ಗತ್ತು ಬರುತ್ತೆ. ದುಃಖದ ಹಾಡಿಗೆ ನನ್ನ ಓಟು ಪಿಬಿಎಸ್‌ಗೆ. ಅವರು ಅಳುವುದಿಲ್ಲ, ಕೇಳುವವರು ಅಳುತ್ತಾರೆ. ಆದರೆ ಬೇಜಾರಲ್ಲಿ ಬಿದ್ದವನನ್ನು ತೋಳು ಹಿಡಿದು ಎಬ್ಬಿಸಲು ಎಸ್‌ಪಿಬಿಯೇ ಬೇಕು.

ಎಸ್‌ಪಿಬಿ 1981ರಲ್ಲಿ ಸಂಗೀತ ನಿರ್ದೇಶಕ ಉಪೇಂದ್ರ ಕುಮಾರ್ ಅವರಿಗೆ ಒಂದೇ ದಿನ 21 ಹಾಡು ಹಾಡಿದ ಕಥೆ ನಮ್ಮ ವೃತ್ತಿಯವರಿಗೆಲ್ಲ ಗೊತ್ತು. ಆ ಕಥೆ ಹೇಳಿಕೊಂಡೇ ನಾನು ಹನ್ನೊಂದು ಕಾರ್ಯಕ್ರಮ ಒಪ್ಪಿಕೊಂಡಿದ್ದು. ಅವರದು ಉಕ್ಕಿನ ಗಂಟಲು ಅಂದುಕೊಂಡಿದ್ದೆ. ಅಷ್ಟು ಹಾಡಲು ಎಷ್ಟು ಕಡಿಮೆ ಒತ್ತಬೇಕು ಅನ್ನುವ ಲೆಕ್ಕ ನನಗೆ ಹೊಳೆದಿರಲಿಲ್ಲ. ಶಾಸ್ತ್ರೀಯ ಸಂಗೀತವನ್ನು ಪದ್ಧತಿಯಂತೆ ಕಲಿಯದ ಅವರು, ಗಾನಯೋಗಿ ಪಂಚಾಕ್ಷರ ಗವಾಯಿಗಳ ಚಿತ್ರಕ್ಕೆ ಹಂಸಲೇಖ ಸಂಗೀತದಲ್ಲಿ ಹಾಡಿ ರಾಷ್ಟ್ರ ಪ್ರಶಸ್ತಿ ತಂದರು. ಆರು ರಾಷ್ಟ್ರ ಪ್ರಶಸ್ತಿಗಳಲ್ಲಿ ಕನ್ನಡದ್ದು ಅದೊಂದು. ಕಲಿಯುವುದು ಯಾವ ವಯಸ್ಸಿಗೂ ಮುಗಿಯಲ್ಲ ಅಂತ ಮೇಡಂ ಹೇಳಿದಾಗ ನನಗೆ ಅವರದೇ ಮುಖ ಕಣ್ಣ ಮುಂದೆ ಬಂತು. 'ಎದೆ ತುಂಬಿ ಹಾಡುವೆನು' ಕಾರ್ಯಕ್ರಮದಲ್ಲಿ ಮಕ್ಕಳು ತಪ್ಪಿದಾಗ ಹತ್ತಿರ ಕರೆದು, ನಗುತ್ತಾ ತಿದ್ದುತ್ತಿದ್ದರಲ್ಲ, ಆ ಮುಖ.

ಇಬ್ಬರೂ ಈಗಿಲ್ಲ. 2013ರ ಏಪ್ರಿಲ್ 14ಕ್ಕೆ ಪಿಬಿಎಸ್ ಹೋದರು, 2020ರ ಸೆಪ್ಟೆಂಬರ್ 25ಕ್ಕೆ ಎಸ್‌ಪಿಬಿ. ಕೈಮುಗಿದು ಹೇಳಲು ನನಗೆ ಈ ಬರಹವೇ ದಾರಿ. ಪಿಬಿಎಸ್ ಸರ್, ನನ್ನ ದನಿಯನ್ನು ನೀವು ಕೆಳಗಿನಿಂದ ಎತ್ತಿ ಕೊಟ್ಟಿರಿ. ಬಾಲು ಸರ್, ಅದನ್ನು ಮೇಲಕ್ಕೆ ಒಯ್ಯುವ ದಾರಿ ನೀವು ತೋರಿಸಿದಿರಿ.

ಇನ್ನು ನನ್ನವರಿಗೆ. ಡಾಕ್ಟರಿಗೆ, ಮೇಡಂಗೆ ಎಷ್ಟು ಸಲ ಥ್ಯಾಂಕ್ಸ್ ಹೇಳಿದರೂ ಸಾಲದು. ಲೋಟ, ಸ್ಟ್ರಾ ಈಗಲೂ ನನ್ನ ಬ್ಯಾಗಲ್ಲಿದೆ, ಮೇಡಂ. ಹೆಂಡತಿಗೆ: ಹತ್ತು ದಿನ ನೀನೂ ಮನೆಯಲ್ಲಿ ಕಡಿಮೆ ಮಾತಾಡಿದೆ, ನಾನು ಉತ್ತರ ಕೊಡಲು ಹೋಗಿಬಿಡುತ್ತೇನೆ ಅಂತ. ಗೊತ್ತಾಗಿತ್ತು. ತಂಡದವರಿಗೆ: 14 ತಿಂಗಳು ಪ್ರತಿ ಕಾರ್ಯಕ್ರಮದ ದುಡ್ಡಿನಲ್ಲಿ ನನ್ನ ಪಾಲು ಕವರಿಗೆ ಹಾಕಿ ಮನೆಗೆ ಕಳಿಸಿದಿರಿ. ಬೇಡ ಅಂದರೆ "ಹಾಡಿ ತೀರಿಸು" ಅಂದಿರಿ. ತೀರಿಸುತ್ತೇನೆ. ನನ್ನ ಜಾಗದಲ್ಲಿ ಹಾಡಿದ ಹುಡುಗನಿಗೆ: ನನ್ನ ಹಾಡುಗಳನ್ನು ನೀನು ಚೆನ್ನಾಗಿ ಕಾದೆ. ಅರ್ಧ ಈಗ ನಿನ್ನವೇ. ಕೀಬೋರ್ಡ್ ಅಣ್ಣ ನಾನು ಕೇಳುವ ಮೊದಲೇ ಸ್ಕೇಲ್ ಇಳಿಸಿದ್ದ. ದೇವರು ಚೆನ್ನಾಗಿಟ್ಟಿರಲಿ.

ಶನಿವಾರ 'ಆಡಿಸಿ ನೋಡು' ಮೊದಲು ಹಾಡಿದೆ. ಜನ ಇನ್ನೂ ಸೇರುತ್ತಿದ್ದರು, ಕುರ್ಚಿ ಎಳೆಯುವ ಸದ್ದು. ಮುಂದಿನ ಸಾಲಿನಲ್ಲಿ ಮಫ್ಲರ್ ಸುತ್ತಿಕೊಂಡ ಅಜ್ಜ ಒಬ್ಬರು ಪೂರ್ತಿ ಹಾಡಿಗೆ ತುಟಿ ಆಡಿಸಿದರು. ಕೊನೆಗೆ 'ಈ ಭೂಮಿ ಬಣ್ಣದ ಬುಗುರಿ'. ಎರಡನೇ ಚರಣ ಮುಗಿದು ಪಲ್ಲವಿಗೆ ವಾಪಸ್ ಬರುವ ಜಾಗದಲ್ಲಿ ಉಸಿರು ಸಾಲುವುದಿಲ್ಲ ಅಂತ ನನಗೆ ಗೊತ್ತಾಯಿತು. ಒತ್ತಿದರೆ ದಕ್ಕುತ್ತಿತ್ತು, ಒತ್ತಲಿಲ್ಲ. ಅಷ್ಟರಲ್ಲಿ ತಬಲಾದಿಂದ ಒಂದು ಪುಟ್ಟ ಮುಕ್ತಾಯ ಬಂತು. ರಿಹರ್ಸಲಿನಲ್ಲಿ ಅದು ಇರಲಿಲ್ಲ. ಅಷ್ಟು ಹೊತ್ತು ಸಾಕಾಯಿತು. ಉಸಿರು ತುಂಬಿಕೊಂಡು ಪಲ್ಲವಿ ಎತ್ತಿದೆ. ಯಾರಿಗೂ ಗೊತ್ತಾಗಲಿಲ್ಲ.

ವ್ಯಾನಿನಲ್ಲಿ ಕೇಳಿದೆ, "ಮಾಮಾ, ಅಲ್ಲಿ ನನಗೋಸ್ಕರ ನುಡಿಸಿದ್ರಾ?"

"ಏ, ಕೈ ಹಾಗೆ ಹೋಯ್ತು ಕಣೋ. ನೀನು ಗಂಟಲಿಗೆ ಮಫ್ಲರ್ ಸುತ್ತಿಕೋ ಮೊದಲು" ಅಂದರು, ಕಿಟಕಿ ಗಾಜು ಎಳೆದರು.

ಮಾಮಾ, ನನಗೆ ಗೊತ್ತು.