ಸಿಗ್ನಲ್ ಬದಲು ಸಣ್ಣ ವೃತ್ತ ಆಗದೇ?

ಮಾನ್ಯರೇ,

ಬೆಳಿಗ್ಗೆ ಶಾಲೆಯ ಹೊತ್ತಿಗೆ ಹಾಸನದ ಎನ್.ಆರ್. ವೃತ್ತ ದಾಟುವುದು ಸಾಹಸವೇ ಸರಿ. ಬಸ್ಸು, ಲಾರಿಗಳ ನಡುವೆ ಆಟೊ, ಸ್ಕೂಟರ್‌ಗಳು ಸಂದು ಸಿಕ್ಕಲ್ಲೆಲ್ಲ ನುಗ್ಗುತ್ತವೆ. ಹಾಸನಾಂಬೆಯ ಬಾಗಿಲು ತೆರೆದ ದಿನಗಳ ಪಾಡಂತೂ ಕೇಳಲೇಬೇಡಿ.

ದಟ್ಟಣೆ ಎಂದ ಕೂಡಲೇ ನಮಗೆ ಹೊಳೆಯುವುದು ಇನ್ನೊಂದು ಸಿಗ್ನಲ್, ಇಲ್ಲವೇ ಮೇಲ್ಸೇತುವೆ. ನಡುವೆ ದುಂಡನೆಯ ಕಟ್ಟೆ ಇಟ್ಟು ವಾಹನಗಳು ಅದನ್ನು ಸುತ್ತಿ ಸಾಗುವ ಸಣ್ಣ ವೃತ್ತ ಹೊಳೆಯುವುದೇ ಇಲ್ಲ. ನಾಲ್ಕು ರಸ್ತೆ ಕೂಡುವ ಸಾಮಾನ್ಯ ಜಾಗದಲ್ಲಿ ವಾಹನಗಳು ಒಂದಕ್ಕೊಂದು ತಾಗಬಹುದಾದ ಬಿಂದುಗಳು 32. ವಾಹನಗಳು ಒಂದೇ ಸಾಲಿನಲ್ಲಿ ಸುತ್ತುವ ಇಂಥ ವೃತ್ತವಿದ್ದರೆ ಬರೀ 8. ಗುಟ್ಟು ಇಷ್ಟೇ: ವೃತ್ತದೊಳಗೆ ಇರುವವರಿಗೆ ಮೊದಲ ದಾರಿ, ಒಳಬರುವವರು ಕಾಯಬೇಕು. ಬ್ರಿಟನ್ 1966ರಲ್ಲೇ ಇದನ್ನು ನಿಯಮ ಮಾಡಿತು. ನಮ್ಮ 2017ರ ಚಾಲನಾ ನಿಯಮಗಳೂ ಅದನ್ನೇ ಹೇಳುತ್ತವೆ. ಪಾಲಿಸುವವರು ಯಾರು? ನಾನೂ ಎಷ್ಟೋ ಸಲ ನುಗ್ಗಿದವನೇ.

ಎನ್.ಆರ್. ವೃತ್ತದಂಥ ದೊಡ್ಡ ಕೂಡುರಸ್ತೆಗಳಿಗೆ ಸಿಗ್ನಲ್ ಇರಲಿ. ಬಡಾವಣೆಗಳ ಕೂಡುರಸ್ತೆಗಳಲ್ಲಿ ಮರಳಿನ ಚೀಲ ಇಟ್ಟು ಒಂದು ತಿಂಗಳು ತಾತ್ಕಾಲಿಕ ವೃತ್ತ ಮಾಡಿ ನೋಡಬಹುದು, ಸರಿಹೋಗದಿದ್ದರೆ ಎತ್ತಿಬಿಟ್ಟರಾಯಿತು. ನಡೆದು ದಾಟುವವರ ಜೀಬ್ರಾ ಪಟ್ಟಿ ವೃತ್ತದ ಬಾಯಿಗಿಂತ ಒಂದು ಕಾರಿನಷ್ಟು ಹಿಂದಿರಲಿ. ಮತ್ತೆ, ದಯವಿಟ್ಟು ಸುತ್ತಮುತ್ತ ಹುಟ್ಟುಹಬ್ಬದ ಫ್ಲೆಕ್ಸ್ ಬೇಡ. ಬಲಗಡೆಯಿಂದ ಬರುವ ವಾಹನವೇ ಕಾಣುವುದಿಲ್ಲ.

– ಓದುಗ, ಹಾಸನ