ಆ ಏಳು ಕಾರ್ಡಿನ ಆಚೆ ಇರೋದೆಲ್ಲ ಅಪಸ್ವರ ಅಲ್ಲ ಸ್ವಾಮಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣಿಯಲ್ಲಿ ಗಿಟಾರ್ ಕಲಿಯೋರಿಗೆ ಅಂತ ಒಂದು ಲೇಖನ ಹಾಕಿದ್ರಲ್ಲ, ಅದನ್ನ ನೋಡಿ ಮೊದಲು ಖುಷಿ ಆಯ್ತು, ಯಾಕಂದ್ರೆ ಕನ್ನಡದಲ್ಲಿ ಇಂಥದ್ದನ್ನ ಬರೆಯೋರೇ ಕಮ್ಮಿ. ಆದ್ರೆ ಪಕ್ಕದಲ್ಲಿ ಒಂದು ಬಾಕ್ಸ್ ಮಾಡಿ, ಸಿ ಮೇಜರ್ ಸ್ಕೇಲಲ್ಲಿ ಹಾಡು ಇದ್ರೆ ಆ ಸ್ಕೇಲಿನ ಸ್ವರಗಳಿಂದಲೇ ಆದ ಈ ಏಳು ಕಾರ್ಡ್ (ಒಟ್ಟಿಗೆ ಮೀಟೋ ಸ್ವರಗಳ ಗುಂಪು) ಮಾತ್ರ ಹಿಡೀಬೇಕು, ಬೇರೆ ಹಿಡಿದ್ರೆ ಅಪಸ್ವರ ಅನ್ನೋ ಅರ್ಥದಲ್ಲಿ ಬರೆದಿದ್ರಿ ನೋಡಿ, ಅಲ್ಲಿ ತಡೆಯಕ್ಕಾಗ್ಲಿಲ್ಲ, ಅದಕ್ಕೇ ಈ ಪತ್ರ. ಉದ್ದ ಆಗ್ಬಹುದು, ಕತ್ತರಿಸೋದಾದ್ರೆ ದಯವಿಟ್ಟು ಬೆರಳಿನ ವಿಷಯ ಇರೋ ಕಡೆ ಕತ್ತರಿಸಬೇಡಿ.

ನಾನು ಕಲಾವಿದ ಏನಲ್ಲ, ಕೆಲಸ ಮುಗಿಸಿ ಬಂದು ರಾತ್ರಿ ಒಂದು ಗಂಟೆ ಕುಟ್ಟೋ ಹವ್ಯಾಸಿ. ಶುರುವಿನಲ್ಲಿ ನನಗೂ ಇದೇ ಏಳು ಕಾರ್ಡಿನ ಪಾಠ ಆಗಿತ್ತು, ಆಮೇಲೆ ಹೇಳಿಕೊಟ್ಟೋರು ಒಂದು ಚಾರ್ಟ್ ಕೊಟ್ರು, ಅದರಲ್ಲಿ ಫೈವ್ ಆಫ್ ಟೂ, ಫೈವ್ ಆಫ್ ಫೈವ್, ಸಬ್ ಫೈವ್ ಅಂತ ಸಾಲು ಸಾಲು, ಇವೆಲ್ಲ ಸೆಕೆಂಡರಿ ಡಾಮಿನೆಂಟು, ಇವೆಲ್ಲ ಟ್ರೈಟೋನ್ ಸಬ್‌ಸ್ಟಿಟ್ಯೂಷನ್ನು, ಬಾಯಿಪಾಠ ಮಾಡ್ಕೊಂಡು ಬನ್ನಿ ಅಂದ್ರು. ಯಾಕೆ ಹೀಗೆ ಅಂತ ಕೇಳಿದ್ರೆ ಮುಂದೆ ಗೊತ್ತಾಗುತ್ತೆ ಅಂದ್ರು. ಆರು ತಿಂಗಳು ಗಿಳಿಪಾಠ ಒಪ್ಪಿಸಿದೆ, ಮುಂದೆ ಗೊತ್ತಾಗ್ಲೇ ಇಲ್ಲ. ಗೊತ್ತಾಗಿದ್ದು ಒಂದಿನ ಚಾರ್ಟ್ ಮುಚ್ಚಿಟ್ಟು ಬರೀ ಎರಡು ತಂತಿ ಮೀಟಿದಾಗ.

ಅದೇನಂದ್ರೆ, ಗಿಟಾರ್ ತಗೊಂಡು ಸಿ, ಎಫ್, ಜಿ ಸೆವೆನ್ ಅಂತ ಹೊಡೆದು ಜಿ ಸೆವೆನ್ ಮೇಲೆ ನಿಲ್ಲಿಸಿ ಎದ್ದು ಹೋಗಿ ನೋಡೋಣ, ಆಗಲ್ಲ. ಕಿವಿ ಸಿ ಬೇಕು ಸಿ ಬೇಕು ಅನ್ನುತ್ತೆ. ಆ ಎಳೆತ ಎಲ್ಲಿಂದ ಬರುತ್ತೆ? ಜಿ ಸೆವೆನ್ನಲ್ಲಿ ಜಿ, ಬಿ, ಡಿ, ಎಫ್ ನಾಲ್ಕು ಸ್ವರ ಇದೆ, ಸಿ ಅನ್ನ ಷಡ್ಜ ಅಂತ ಇಟ್ಕೊಂಡ್ರೆ ಪ, ನಿ, ರಿ, ಮ. ಇದರಲ್ಲಿ ಕೆಲಸ ಮಾಡ್ತಿರೋದು ಮ ಮತ್ತು ನಿ ಎರಡೇ. ತೆಳ್ಳಗಿನ ತಂತಿಯಿಂದ ಎಣಿಸಿದ್ರೆ ನಾಲ್ಕನೇ ತಂತಿಯ 3ನೇ ಫ್ರೆಟ್ಟಲ್ಲಿ (ಫ್ರೆಟ್ ಅಂದ್ರೆ ಗಿಟಾರಿನ ಕುತ್ತಿಗೆ ಮೇಲೆ ಅಡ್ಡಡ್ಡ ಇರೋ ಪಟ್ಟಿ) ಮ, ಮೂರನೇ ತಂತಿಯ 4ನೇ ಫ್ರೆಟ್ಟಲ್ಲಿ ನಿ, ಇವೆರಡನ್ನ ಮಾತ್ರ ಒಟ್ಟಿಗೆ ಮೀಟಿ. ಕೇಳಕ್ಕೆ ಹಿತವಾಗಿರಲ್ಲ, ಜಗಳ ಆಡ್ತಿರೋ ಹಾಗಿರುತ್ತೆ. ಈಗ ಮ ಹಿಡಿದಿರೋ ಬೆರಳನ್ನ ಒಂದು ಫ್ರೆಟ್ ಹಿಂದಕ್ಕೆ ತಗೊಳ್ಳಿ ಗ ಬಂತು, ನಿ ಹಿಡಿದಿರೋ ಬೆರಳನ್ನ ಒಂದು ಫ್ರೆಟ್ ಮುಂದಕ್ಕೆ ತಗೊಳ್ಳಿ ಸ ಬಂತು, ಜಗಳ ಮುಗೀತು, ಮನೆಗೆ ಬಂದ್ರಿ. ಆ ಎರಡು ಸ್ವರದ ನಡುವಿನ ದೂರಕ್ಕೇ ಟ್ರೈಟೋನ್ ಅನ್ನೋದು, ಮೂರು ಟೋನ್ ಅಂದ್ರೆ 6 ಫ್ರೆಟ್. ಸಂಗೀತ ಕಲಿತೋರಿಗೆ ಇನ್ನೂ ಸುಲಭ, ಸ ದಿಂದ ಪ್ರತಿ ಮಧ್ಯಮಕ್ಕೆ ಎಷ್ಟು ದೂರವೋ ಅಷ್ಟೇ, 72 ಮೇಳಕರ್ತನ 36-36 ಅಂತ ಸೀಳಿ ಇಡುತ್ತಲ್ಲ ಆ ಮಧ್ಯಮ.

(ಇಲ್ಲಿ ಯಾರಾದ್ರೂ ರಾಗಕ್ಕೂ ಕಾರ್ಡಿಗೂ ಏನು ಸಂಬಂಧ ಅಂತ ಜಗಳಕ್ಕೆ ಬರಬಹುದು. ಸಂಬಂಧ ಕಟ್ತಿಲ್ಲ ಮಾರಾಯ್ರೆ, ಸ್ವರಕ್ಕೆ ನಮಗೆ ಗೊತ್ತಿರೋ ಹೆಸರಲ್ಲಿ ವಿಳಾಸ ಹೇಳ್ತಿದೀನಿ ಅಷ್ಟೇ.)

ಈಗ ಸೆಕೆಂಡರಿ ಡಾಮಿನೆಂಟ್ ಅಂದ್ರೆ ಇದೇ ಎಳೆತನ ಸಿ ಗೆ ಬದಲು ಬೇರೆ ಕಾರ್ಡಿಗೆ ಕೊಡೋದು. ಹಾಡಲ್ಲಿ ಮುಂದೆ ಡಿ ಮೈನರ್ ಬರೋದಿದೆ ಅನ್ಕೊಳ್ಳಿ, ಅದಕ್ಕೂ ಸ್ವಲ್ಪ ಹೊತ್ತು ಮನೆ ಅನ್ನೋ ಗೌರವ ಕೊಡೋಣ ಅಂತ ಅದರ ಮುಂಚೆ ಎ ಸೆವೆನ್ ಹಿಡಿಯೋದು. ಎ ಸೆವೆನ್ನಲ್ಲಿ ಸಿ ಶಾರ್ಪ್ (ಸಿ ಗಿಂತ ಒಂದು ಫ್ರೆಟ್ ಮೇಲಿನ ಸ್ವರ) ಇದೆ, ಅದು ಸ್ಕೇಲಲ್ಲಿ ಇಲ್ಲ, ನಿಮ್ಮ ಬಾಕ್ಸ್ ಪ್ರಕಾರ ಅಪಸ್ವರ. ಆದ್ರೆ ಅದು ಒಂದು ಫ್ರೆಟ್ ಮೇಲಿರೋ ಡಿ ಗೆ ಹೋಗಿ ಸೇರ್ಕೊಳ್ಳುತ್ತೆ, ಜೊತೆಗಿರೋ ಜಿ ಕೆಳಗೆ ಎಫ್‌ಗೆ ಇಳಿಯುತ್ತೆ, ಮತ್ತೆ ಅದೇ ಎರಡು ಬೆರಳಿನ ಕಥೆ. ಸಿ, ಎ ಸೆವೆನ್, ಡಿ ಮೈನರ್, ಜಿ ಸೆವೆನ್ ಅಂತ ನಿಧಾನಕ್ಕೆ ಹೊಡೀತಾ ಬಾಯಲ್ಲಿ ಸಿ, ಸಿ ಶಾರ್ಪ್, ಡಿ ಅಂತ ಹಾಡ್ಕೊಳ್ಳಿ, ಮೆಟ್ಟಿಲು ಹತ್ತಿದ ಹಾಗೆ ಇರುತ್ತೆ, ಇದರಲ್ಲಿ ಅಪಸ್ವರ ಎಲ್ಲಿದೆ ಹೇಳಿ.

ಇದಕ್ಕೆ ಹೊಸ ಶೇಪ್ ಕಲಿಯೋ ಕಷ್ಟವೂ ಇಲ್ಲ, ಇದನ್ನ ಯಾಕೆ ಮೊದಲ ವಾರವೇ ಹೇಳಿಕೊಡಲ್ಲ ಅನ್ನೋದೇ ನನಗೆ ಅರ್ಥ ಆಗಿಲ್ಲ. ಓಪನ್ ಎ ಮೈನರ್ ಸೆವೆನ್ ಹಿಡೀರಿ, ಎರಡನೇ ತಂತಿಯ ಬೆರಳನ್ನ 1ನೇ ಫ್ರೆಟ್ಟಿಂದ 2ಕ್ಕೆ ತಳ್ಳಿ, ಎ ಸೆವೆನ್ ಆಯ್ತು. ಡಿ ಮೈನರ್ ಸೆವೆನ್ ಹಿಡಿದು ಮೊದಲನೇ ತಂತಿಯಲ್ಲಿ 1ರಿಂದ 2ಕ್ಕೆ ತಳ್ಳಿ, ಡಿ ಸೆವೆನ್ ಆಯ್ತು. ಇ ಮೈನರ್ ಸೆವೆನ್ನಿಗೆ ಮೂರನೇ ತಂತಿಯ 1ನೇ ಫ್ರೆಟ್ಟಲ್ಲಿ ಒಂದು ಬೆರಳು ಇಟ್ರೆ ಇ ಸೆವೆನ್. ಮೂರರಲ್ಲೂ ಒಂದೇ ಸ್ವರ ಒಂದೇ ಫ್ರೆಟ್ ಮೇಲಕ್ಕೆ ಹೋಗಿದ್ದು, ಅಷ್ಟಕ್ಕೇ ಸುಮ್ನೆ ಕೂತಿದ್ದ ಕಾರ್ಡಿಗೆ ಎಲ್ಲಿಗೋ ಹೊರಡೋ ಅವಸರ ಬರುತ್ತೆ. ಎ ಸೆವೆನ್ ಡಿ ಮೈನರಿಗೆ, ಬಿ ಸೆವೆನ್ ಇ ಮೈನರಿಗೆ, ಸಿ ಸೆವೆನ್ ಎಫ್‌ಗೆ, ಡಿ ಸೆವೆನ್ ಜಿ ಗೆ, ಇ ಸೆವೆನ್ ಎ ಮೈನರಿಗೆ, ಐದೇ ಐದು. ಏಳನೇ ಕಾರ್ಡ್ ಬಿ ಡಿಮಿನಿಷ್ಡ್‌ಗೆ ಇಲ್ಲ, ಯಾಕಂದ್ರೆ ಅದರೊಳಗೇ ಆ ಮ-ನಿ ಜಗಳ ಕೂತಿದೆ, ತನಗೇ ನೆಲೆ ಇಲ್ಲದ್ದು ಬೇರೆಯವರಿಗೆ ಮನೆ ಹೆಂಗಾಗುತ್ತೆ. ಇದೇನು ಮೊನ್ನೆ ಮೊನ್ನೆ ಜಾಝ್‌ನವರು ತಂದಿದ್ದೂ ಅಲ್ಲ, 1685ರಿಂದ 1750ರವರೆಗೆ ಬದುಕಿದ್ದ ಜರ್ಮನ್ ಸಂಗೀತ ರಚನೆಕಾರ ಬಾಕ್ ಇದನ್ನ ಧಾರಾಳವಾಗಿ ಬಳಸಿದ್ದಾರೆ.

ಇನ್ನು ಇವನ್ನ ಒಂದಕ್ಕೊಂದು ಕೊಂಡಿ ಹಾಕೋದು ಇದೆ, ಇ ಸೆವೆನ್, ಎ ಸೆವೆನ್, ಡಿ ಸೆವೆನ್, ಜಿ ಸೆವೆನ್, ಕೊನೆಗೆ ಸಿ. ಚಾರ್ಟಲ್ಲಿ ನೋಡಿದ್ರೆ ಕಬ್ಬಿಣದ ಕಡಲೆ. ಬೆರಳಲ್ಲಿ ನೋಡಿ: ನಾಲ್ಕನೇ ತಂತಿಯ 6, ಮೂರನೇ ತಂತಿಯ 7, ಇದು ಇ ಸೆವೆನ್ನಿನ ಆ ಎರಡು ಸ್ವರ. ಹಾಗೇ ಎರಡೂ ಬೆರಳನ್ನ ಒಂದು ಫ್ರೆಟ್ ಹಿಂದೆ ಜಾರಿಸಿದ್ರೆ ಎ ಸೆವೆನ್ನಿಂದು, ಇನ್ನೊಂದು ಜಾರಿಸಿದ್ರೆ ಡಿ ಸೆವೆನ್ನಿಂದು, ಇನ್ನೊಂದು ಜಾರಿಸಿದ್ರೆ ಆಗಲೇ ಹಿಡಿದ್ವಲ್ಲ ಆ 3 ಮತ್ತು 4, ಜಿ ಸೆವೆನ್. ಕೆಳಗೆ ಬೇಸ್ ಸ್ವರ (ಕಾರ್ಡಿನ ತಳದ ಸ್ವರ) ಇ, ಎ, ಡಿ, ಜಿ ಅಂತ ಹಾರಾಡ್ತಿದ್ರೂ ಮೇಲಿನ ಎರಡು ಬೆರಳು ಜಾರುಬಂಡೆ ಮೇಲಿಂದ ಇಳಿದ ಹಾಗೆ ಇಳೀತವೆ. ಇದು ಗೊತ್ತಾದ ರಾತ್ರಿ ನಾನು ಮಲಗಿದ್ದು ಎರಡು ಗಂಟೆಗೆ, ಪಕ್ಕದ ಮನೆಯವರ ಪುಣ್ಯ ಗಿಟಾರಿಗೆ ಆಂಪ್ ಹಾಕಿರಲಿಲ್ಲ.

ಇಷ್ಟು ಬೆರಳಿಗೆ ಬಂದ್ರೆ ಟ್ರೈಟೋನ್ ಸಬ್‌ಸ್ಟಿಟ್ಯೂಷನ್ ಅನ್ನೋ ದೊಡ್ಡ ಹೆಸರಿನ ವಿಷಯ ಆಗಲೇ ಮುಕ್ಕಾಲು ಬಂದಂಗೆ. ಮೇಲಿನ ಸ ವರೆಗೆ ಒಟ್ಟು 12 ಫ್ರೆಟ್, ಟ್ರೈಟೋನ್ 6, ಅಂದ್ರೆ ಸರಿಯಾಗಿ ಅರ್ಧ. ಅರ್ಧ ಆಗಿರೋದ್ರಿಂದ ಅದನ್ನ ತಲೆಕೆಳಗು ಮಾಡಿದ್ರೂ ಅದೇ ದೂರ ಉಳಿಯುತ್ತೆ, ಹಾಗಾಗಿ ಒಂದೇ ಜೋಡಿ ಸ್ವರ ಎರಡು ಬೇರೆ ಸೆವೆನ್ ಕಾರ್ಡಿಗೆ ಸೇರುತ್ತೆ. ಮ-ನಿ ಜೋಡಿ ಜಿ ಸೆವೆನ್ನಿಗೂ ಸೇರಿದ್ದು, ಡಿ ಫ್ಲ್ಯಾಟ್ (ಡಿ ಗಿಂತ ಒಂದು ಫ್ರೆಟ್ ಕೆಳಗಿನ ಸ್ವರ) ಸೆವೆನ್ನಿಗೂ ಸೇರಿದ್ದು, ಬೇಸ್ ಸ್ವರದಿಂದ ಎಣಿಸಿದ್ರೆ ಅಲ್ಲಿ ಮೂರನೇ ಸ್ವರ ಆಗಿದ್ದು ಇಲ್ಲಿ ಏಳನೇದು, ಅಲ್ಲಿ ಏಳನೇದು ಇಲ್ಲಿ ಮೂರನೇದು. ಹೀಗೆ ಜೋಡಿ ಹಂಚಿಕೊಂಡ ಕಾರ್ಡುಗಳಲ್ಲಿ ಒಂದರ ಜಾಗದಲ್ಲಿ ಇನ್ನೊಂದನ್ನ ಹಾಕೋದೇ ಆ ಸಬ್‌ಸ್ಟಿಟ್ಯೂಷನ್. 12 ಸೆವೆನ್ ಕಾರ್ಡಿಗೆ 6 ಜೋಡಿ, ಅಷ್ಟೇ ಲೆಕ್ಕ.

ಗಿಟಾರಲ್ಲಿ ಇದು ಎಷ್ಟು ಸುಲಭ ಅಂದ್ರೆ ಪಿಯಾನೋದವರು ಹೊಟ್ಟೆ ಉರ್ಕೋಬೇಕು. ಆರನೇ ತಂತಿಯ 3ನೇ ಫ್ರೆಟ್ಟಲ್ಲಿ ಜಿ ಬೇಸು, ಮೇಲೆ ನಮ್ಮ ಎರಡು ಬೆರಳು. ಆ ಎರಡು ಬೆರಳನ್ನ ಅಲ್ಲಾಡಿಸಬೇಡಿ. ಬೇಸ್ ಬೆರಳನ್ನ ಮಾತ್ರ ಐದನೇ ತಂತಿಯ 4ನೇ ಫ್ರೆಟ್ಟಿಗೆ ತಗೊಂಡು ಹೋಗಿ, ಡಿ ಫ್ಲ್ಯಾಟ್ ಸೆವೆನ್ ಆಯ್ತು. ಯಾವ ಸೆವೆನ್ ಕಾರ್ಡಾದ್ರೂ ಸರಿ, ಆರನೇ ತಂತಿಯಲ್ಲಿ ಬೇಸ್ ಇದ್ರೆ ಪಕ್ಕದ ತಂತಿಗೆ ಹೋಗಿ ಒಂದು ಫ್ರೆಟ್ ಮುಂದೆ, ಅದರ ಜೋಡಿ ಅಲ್ಲೇ ಕಾಯ್ತಿರುತ್ತೆ. ಈಗ ಐದನೇ ತಂತಿಯ ಬೇಸಿಟ್ಟು ಡಿ ಮೈನರ್ ಸೆವೆನ್ನನ್ನ ಐದು-ಮೂರು-ಐದು ಅಂತ, ಡಿ ಫ್ಲ್ಯಾಟ್ ಸೆವೆನ್ನನ್ನ ನಾಲ್ಕು-ಮೂರು-ನಾಲ್ಕು ಅಂತ, ಸಿ ಮೇಜರ್ ಸೆವೆನ್ನನ್ನ ಮೂರು-ಎರಡು-ನಾಲ್ಕು ಅಂತ ಐದು, ನಾಲ್ಕು, ಮೂರನೇ ತಂತಿಗಳ ಮೇಲೆ ಹಿಡಿದು ಒಂದಾದ ಮೇಲೊಂದು ಮೀಟಿ. ಬೇಸ್ 5, 4, 3 ಅಂತ ಒಂದೊಂದೇ ಮೆಟ್ಟಿಲು ಇಳಿದು ಮನೆಗೆ ಬರುತ್ತೆ. 1940ರ ದಶಕದ ಬೀಬಾಪ್ ಅನ್ನೋ ಜಾಝ್ ಶೈಲಿಯ ಕಾಲದಿಂದ ಜಾಝ್‌ನವರು ನೀರು ಕುಡಿದಷ್ಟು ಸಲೀಸಾಗಿ ಬಳಸ್ತಾ ಬಂದಿರೋದು ಇದನ್ನೇ.

ಇನ್ನೊಂದು ಹೇಳ್ಬೇಕು, ಇದನ್ನ ನಾನು ಎಲ್ಲೂ ಓದಿದ್ದಲ್ಲ, ಹಿಡೀತಾ ಹಿಡೀತಾ ಹೊಳೆದಿದ್ದು. ಡಿ ಫ್ಲ್ಯಾಟ್ ಸೆವೆನ್ನಿನ ನಾಲ್ಕು ಸ್ವರ ಬಿಡಿಸಿ ನೋಡಿದ್ರೆ ಶುದ್ಧ ರಿಷಭ, ಶುದ್ಧ ಮಧ್ಯಮ, ಶುದ್ಧ ಧೈವತ, ಕಾಕಲಿ ನಿಷಾದ. ಅದಾದ ಮೇಲೆ ಬರೋ ಸಿ ಕಾರ್ಡಲ್ಲಿ ಸ, ಗ, ಪ. ಏಳೂ ಸೇರಿಸಿದ್ರೆ ಮಾಯಾಮಾಳವಗೌಳ! ಸರಳೆ ವರಸೆಯಲ್ಲಿ ಎಲ್ಲರೂ ಮೊದಲು ಹಾಡೋ ರಾಗದ ಸ್ವರಗಳು. ಆ ಶುದ್ಧ ರಿಷಭ ಷಡ್ಜಕ್ಕೆ ಒರಗೋ ರೀತಿ ಸರಳೆ ವರಸೆ ಹಾಡಿದೋರ ಕಿವಿಗೆ ಹೊಸದೇ ಅಲ್ಲ, ಅದಕ್ಕೆ ಈ ಇಂಗ್ಲಿಷ್ ಹೆಸರು ಇದೆ ಅನ್ನೋದು ಮಾತ್ರ ಹೊಸದು.

ಹಾಗಂತ ಸಿಕ್ಕಸಿಕ್ಕಲ್ಲಿ ಹಾಕಕ್ಕೆ ಹೋಗಬಾರದು, ಇದು ನಾನು ಮಾನ ಕಳ್ಕೊಂಡು ಕಲಿತಿದ್ದು. ಗೆಳೆಯ ಒಬ್ಬ ಹಾಡ್ತಿದ್ದ, ನಾನು ಹೊಸದಾಗಿ ಕಲಿತ ಹುರುಪಲ್ಲಿ ಜಿ ಸೆವೆನ್ ಬಂದ ಕಡೆಯೆಲ್ಲ ಡಿ ಫ್ಲ್ಯಾಟ್ ಸೆವೆನ್ ಹಾಕ್ತಿದ್ದೆ, ಅವನು ಅರ್ಧಕ್ಕೆ ನಿಲ್ಲಿಸಿ ಲೋ ಗಿಟಾರ್ ಶ್ರುತಿ ಇಳಿದಿದೆ ನೋಡೋ ಅಂದ. ಶ್ರುತಿ ಸರಿಯಾಗೇ ಇತ್ತು. ಅವನು ಆ ಜಾಗದಲ್ಲಿ ಚತುಶ್ರುತಿ ರಿಷಭ, ಅಂದ್ರೆ ಡಿ ಸ್ವರವನ್ನ ಎಳೆದು ಹಿಡಿದಿದ್ದ, ನಾನು ಅದರ ಅಡಿಗೇ ಡಿ ಫ್ಲ್ಯಾಟ್ ಇಟ್ಟು ತಳ್ಳಾಡ್ತಿದ್ದೆ. ಅವನು ಪಂಚಮದ ಮೇಲೆ ನಿಂತಿದ್ರೆ ಅದೇ ಕಾರ್ಡ್ ಚೆನ್ನಾಗಿ ಹೊಂದ್ಕೊಳ್ತಿತ್ತು. ಹಾಗಾಗಿ ಮೊದಲು ಹಾಡು ಎಲ್ಲಿ ನಿಂತಿದೆ ಅಂತ ಕೇಳಿಸ್ಕೊಂಡು ಆಮೇಲೆ ಕಾರ್ಡ್ ಬದಲಾಯಿಸೋದು. ಜೊತೆಗೆ ಬೇಸ್ ಗಿಟಾರಿನವರಿದ್ರೆ ಅವರಿಗೂ ಒಂದು ಮಾತು ಹೇಳಿ, ಹೇಳದೇ ಇದ್ರೂ ಅವರು ಜಿ ಹಿಡಿದು ನೀವು ಡಿ ಫ್ಲ್ಯಾಟ್ ಸೆವೆನ್ ಹಿಡಿದ್ರೆ ಆಕಾಶ ಏನೂ ಕಳಚಿ ಬೀಳಲ್ಲ, ಮ-ನಿ ಇಬ್ಬರಿಗೂ ಸೇರಿದ್ದೇ ಆದ್ದರಿಂದ ಸ್ವಲ್ಪ ಖಾರ ಜಾಸ್ತಿ ಇರೋ ಜಿ ಸೆವೆನ್ ಥರ ಕೇಳುತ್ತೆ, ಆದ್ರೆ ಆ ಬೇಸ್ ಇಳಿಯೋ ಸೊಗಸು ಮಾತ್ರ ಹೋಗುತ್ತೆ.

ಸಂಪಾದಕರೇ, ಲೇಖನ ಬರೆದೋರ ಮೇಲೆ ನನಗೆ ಸಿಟ್ಟಿಲ್ಲ, ಶುರುವಿನಲ್ಲಿ ಏಳು ಕಾರ್ಡ್ ಕಲೀರಿ ಅನ್ನೋದು ಒಳ್ಳೇ ಸಲಹೆಯೇ. ಮಾತ್ರ ಅನ್ನೋ ಒಂದು ಪದದಿಂದ ಎಷ್ಟು ಜನ ತಮಗೆ ತಾವೇ ಹುಡುಕ್ಕೊಂಡ ಎ ಸೆವೆನ್ನನ್ನ ತಪ್ಪು ಅಂತ ಬಿಟ್ಟಿರ್ತಾರೋ ಅನ್ನೋದೇ ನನ್ನ ಸಂಕಟ, ನಾನೇ ಹಾಗೆ ಬಿಟ್ಟವನು. ಮುಂದಿನ ಸಂಚಿಕೆಯಲ್ಲಿ ಆ ಪದ ಒಂದನ್ನ ತೆಗೆದು ತಿದ್ದುಪಡಿ ಹಾಕಿ. ಹಾಗೇ ಚಿತ್ರ ಬರೆಯೋರಿಗೂ ಹೇಳಿ, ಹೋದ ಸಲ ಜಿ ಕಾರ್ಡಿನ ಚಿತ್ರದಲ್ಲಿ ದಪ್ಪ ತಂತಿ ಬಲಗಡೆ ಬಂದಿತ್ತು, ಎಡಗೈಯಲ್ಲಿ ಮೀಟೋರಿಗೆ ಸರಿ ಹೋಗ್ಬಹುದು, ಉಳಿದೋರು ಇನ್ನೂ ಬೆರಳು ತಿರುಚ್ಕೊಂಡು ಕೂತಿರ್ತಾರೆ.

ಇತಿ ನಿಮ್ಮ ಓದುಗ,
ಒಬ್ಬ ಹವ್ಯಾಸಿ ಗಿಟಾರಿಗ