ಬಂಗಿನ ಟ್ಯೂಬನ್ನು ತಿರುಗಿಸಿ ಓದಿ

ಮಾನ್ಯ ಸಂಪಾದಕರೇ,

ಮದುವೆ ಸುಗ್ಗಿ ಹತ್ತಿರವಾದಂತೆ ದಾವಣಗೆರೆಯ ಗೋಡೆ, ಆಟೊ ಹಿಂಬದಿ, ಮೊಬೈಲು ಎಲ್ಲೆಲ್ಲೂ ಬಂಗು ತೆಗೆಯುವ, ಸುಕ್ಕು ಅಳಿಸುವ ಜಾಹೀರಾತುಗಳದ್ದೇ ಕಾರುಬಾರು. ‘ಏಳೇ ದಿನ’ ಎಂಬ ಮಾತು ಅವುಗಳಲ್ಲಿ ತಪ್ಪುವುದಿಲ್ಲ. ಬಂಗು ಏಳು ದಿನಕ್ಕೆ ಹೋಗುವ ಜಾತಿಯದಲ್ಲ. ಸರಿಯಾದ ಔಷಧ ಹಚ್ಚಿದರೂ ಬಣ್ಣ ತಿಳಿಯಾಗಲು 8ರಿಂದ 12 ವಾರ ಬೇಕು. ವಾರದೊಳಗೆ ಮುಖ ಬೆಳ್ಳಗಾಯಿತೆಂದರೆ ಆ ಕ್ರೀಮಿನಲ್ಲಿ ಸ್ಟೀರಾಯ್ಡ್ ಇದೆಯೇ, ಪಾದರಸ ಇದೆಯೇ ಎಂದು ಮೊದಲು ಅನುಮಾನಪಡಬೇಕು.

ಮೆಡಿಕಲ್ ಶಾಪಿನ ಮುಂದೆ ನಿಂತು ‘ಬಂಗಿಗೆ ಏನಾದ್ರೂ ಕೊಡ್ರಿ’ ಅಂದರೆ ಕೈಗೆ ಬರುವುದು ಸಾಮಾನ್ಯವಾಗಿ 15 ಅಥವಾ 20 ಗ್ರಾಮಿನ ಒಂದು ಟ್ಯೂಬು. ಮುಂದಿರುವ ದೊಡ್ಡ ಹೆಸರು ಬಿಡಿ, ತಿರುಗಿಸಿ. ಇರುವೆ ಸಾಲಿನಂಥ ಅಕ್ಷರಗಳಲ್ಲಿ ಮೂರು ಔಷಧಗಳು ಕಾಣುತ್ತವೆ: ಹೈಡ್ರೋಕ್ವಿನೋನ್ 2%, ಟ್ರೆಟಿನಾಯಿನ್ 0.025%, ಮೊಮೆಟಾಸೋನ್ 0.1%. ಮೊದಲನೆಯದು ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಾಗುವುದನ್ನು ತಗ್ಗಿಸುತ್ತದೆ. ಎರಡನೆಯದು ಮೇಲ್ಪದರ ಬೇಗ ಉದುರಿ ಹೊಸದು ಬರುವಂತೆ ಮಾಡುತ್ತದೆ. ಇವೆರಡರ ಉರಿ ತಣಿಸಲು ಸೇರಿಸಿದ್ದು ಮೂರನೆಯದು, ಅದೇ ಸ್ಟೀರಾಯ್ಡ್. ಅಮೆರಿಕದ ಕ್ಲಿಗ್‌ಮನ್ ಮತ್ತು ವಿಲ್ಲಿಸ್ 1975ರಲ್ಲಿ ಪ್ರಕಟಿಸಿದ ಮಿಶ್ರಣದ ಮರಿ ಇದು. ಔಷಧ ಕೆಟ್ಟದ್ದೇನಲ್ಲ. ವೈದ್ಯರ ನಿಗಾದಲ್ಲಿ, ರಾತ್ರಿ ಹೊತ್ತು, ಕಲೆ ಇರುವಲ್ಲಿ ಮಾತ್ರ, ಹೆಚ್ಚೆಂದರೆ 8 ವಾರ ಹಚ್ಚಬೇಕಾದದ್ದು. ನಮ್ಮಲ್ಲಿ ಅದನ್ನು ಸ್ನೋ ಹಚ್ಚಿದ ಹಾಗೆ ಬೆಳಿಗ್ಗೆ ಸಂಜೆ ಇಡೀ ಮುಖಕ್ಕೆ ಬಳಿಯುತ್ತಾರೆ, ಅಕ್ಕ ತಂಗಿ ಹಂಚಿಕೊಳ್ಳುತ್ತಾರೆ, ಖಾಲಿಯಾದರೆ ಹಳೇ ಟ್ಯೂಬು ತೋರಿಸಿ ಇನ್ನೊಂದು ತರುತ್ತಾರೆ.

ಮೊದಲ ಎರಡು ವಾರ ಎಲ್ಲವೂ ಚೆಂದ. ಸ್ಟೀರಾಯ್ಡು ಚರ್ಮದ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಮುಖ ತಿಳಿಯಾಗಿ ನುಣ್ಣಗೆ ಕಾಣುತ್ತದೆ. ಅಕ್ಕಪಕ್ಕದವರು ‘ಏನ್ ಹಚ್ತೀಯವ್ವ?’ ಎಂದು ಕೇಳುವುದೂ ಆಗಲೇ. ತಿಂಗಳುಗಳು ಕಳೆದಂತೆ ಚರ್ಮ ತೆಳುವಾಗುತ್ತದೆ. ಕೆನ್ನೆಯ ಮೇಲೆ ಕೆಂಪು ದಾರದಂಥ ನರಗಳು ಏಳುತ್ತವೆ, ಒಂದೇ ಗಾತ್ರದ ಮೊಡವೆಗಳು ಸಾಲುಗಟ್ಟುತ್ತವೆ, ಗಲ್ಲ ಮತ್ತು ಕೆನ್ನೆಯಲ್ಲಿ ರೋಮ ಹೆಚ್ಚುತ್ತದೆ, ಬಿಸಿಲಿಗೆ ಹೋದರೆ ಮೆಣಸಿನಪುಡಿ ಸವರಿದಂತೆ ಉರಿ. ಹುಳುಕಡ್ಡಿ ಇದ್ದವರಿಗೆ ಅದು ವೇಷ ಮರೆಸಿಕೊಂಡು ಮುಖವೆಲ್ಲ ಹರಡುತ್ತದೆ. ಹೈಡ್ರೋಕ್ವಿನೋನನ್ನು ವರ್ಷಗಟ್ಟಲೆ ಬಿಡದೆ ಹಚ್ಚಿದವರಲ್ಲಿ ಇನ್ನೊಂದು ಅಪಾಯವಿದೆ: ಬಂಗು ಇದ್ದ ಜಾಗದಲ್ಲೇ ನೀಲಿಗಪ್ಪು ಬಣ್ಣ ಕೂತು, ಸಾಸಿವೆ ಎರಚಿದಂತೆ ಚುಕ್ಕೆಗಳೇಳುತ್ತವೆ. ಅದನ್ನು ತೆಗೆಯುವುದು ಬಂಗು ತೆಗೆಯುವುದಕ್ಕಿಂತ ಬಹಳ ಕಷ್ಟ.

ಇಷ್ಟಾದ ಮೇಲೂ ಬಿಡಲಾಗದಿರುವುದಕ್ಕೆ ಕಾರಣವಿದೆ. ತಿಂಗಳುಗಟ್ಟಲೆ ಹಚ್ಚಿದ ಸ್ಟೀರಾಯ್ಡನ್ನು ಒಮ್ಮೆಲೆ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಮುಖ ಕೆಂಪಡರಿ, ಊದಿ, ಕೀವುಗುಳ್ಳೆ ಏಳುತ್ತದೆ. ‘ಕ್ರೀಮು ಬಿಟ್ಟಿದ್ದಕ್ಕೇ ಹೀಗಾಯ್ತು’ ಎಂದುಕೊಂಡು ಮತ್ತೆ ಹಚ್ಚುತ್ತಾರೆ, ಒಂದೇ ದಿನದಲ್ಲಿ ತಣ್ಣಗಾಗುತ್ತದೆ. ಸುತ್ತು ಶುರುವಾಗುವುದೇ ಇಲ್ಲಿ. ಹೀಗಾದವರು ತಾವೇ ಪ್ರಯೋಗ ಮಾಡದೆ ಆ ಟ್ಯೂಬನ್ನೇ ಕೈಲಿ ಹಿಡಿದು ಚರ್ಮರೋಗ ವೈದ್ಯರ ಬಳಿ ಹೋಗಬೇಕು. ಕಡಿಮೆ ಬಲದ್ದಕ್ಕೆ ಇಳಿಸುತ್ತಾ, ಟ್ಯಾಕ್ರೋಲಿಮಸ್‌ನಂಥ ಸ್ಟೀರಾಯ್ಡೇತರ ಮುಲಾಮಿಗೆ ಬದಲಿಸುತ್ತಾ ಬಿಡಿಸುತ್ತಾರೆ. ವಾರಗಳು, ಕೆಲವರಿಗೆ ತಿಂಗಳುಗಳೇ ಹಿಡಿಯುತ್ತವೆ. ನಮ್ಮ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲೇ ಚರ್ಮರೋಗ ವಿಭಾಗವಿದೆ. ಮೊಮೆಟಾಸೋನ್ ಒಂದೇ ಅಲ್ಲ, ಬೀಟಾಮೆಥಾಸೋನ್, ಕ್ಲೋಬೆಟಸಾಲ್, ಫ್ಲೂಸಿನೋಲೋನ್ ಎಂದಿದ್ದರೂ ಸ್ಟೀರಾಯ್ಡೇ. ಕ್ಲೋಬೆಟಸಾಲ್ ಅಂತೂ ಆ ಪೈಕಿ ಅತ್ಯಂತ ಬಲದ್ದು, ಮುಖದ ಹತ್ತಿರ ಸುಳಿಯಬಾರದು.

ಕೇಂದ್ರ ಸರ್ಕಾರ 2018ರಲ್ಲೇ ಹಚ್ಚುವ ಸ್ಟೀರಾಯ್ಡುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿ, ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ಮಾಡಿದೆ. ಟ್ಯೂಬಿನ ಮೇಲೆಯೇ ಆ ಎಚ್ಚರಿಕೆ ಅಚ್ಚಾಗಿರುತ್ತದೆ. ಮಾರುವವರೂ ಓದುವುದಿಲ್ಲ, ಕೊಳ್ಳುವವರೂ ಓದುವುದಿಲ್ಲ.

ಪಾದರಸದ ಕಥೆ ಬೇರೆ. ಅದು ಮೆಡಿಕಲ್ ಶಾಪಿಗಿಂತ ಪಾರ್ಲರ್, ಫ್ಯಾನ್ಸಿ ಸ್ಟೋರ್ ಮತ್ತು ಆನ್‌ಲೈನ್ ದಾರಿಯಲ್ಲಿ ಬರುತ್ತದೆ. ಪುಟ್ಟ ಡಬ್ಬಿ, ತಯಾರಕರ ಪೂರ್ತಿ ವಿಳಾಸವಿಲ್ಲ, ಬ್ಯಾಚ್ ನಂಬರಿಲ್ಲ, ಲೈಸೆನ್ಸ್ ಸಂಖ್ಯೆಯಿಲ್ಲ. ‘ಚಿನ್ನ ಬೆಳ್ಳಿಗೆ ತಾಗಿಸಬೇಡಿ’ ಎಂದು ಬರೆದಿದ್ದರೆ ಅಲ್ಲಿಗೇ ಡಬ್ಬಿ ಕೆಳಗಿಡಿ; ಪಾದರಸ ಲೋಹವನ್ನು ಹಾಳುಮಾಡುತ್ತದೆ, ಆ ಸೂಚನೆ ಅದಕ್ಕೇ. ಪಾದರಸ ಚರ್ಮದ ಮೂಲಕ ಒಳಗೆ ಹೋಗಿ ಮೂತ್ರಪಿಂಡಕ್ಕೆ ಕೂರುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಬಿಳುಪಿನ ಕ್ರೀಮು ಹಚ್ಚುತ್ತಿದ್ದವರಲ್ಲಿ ಕಿಡ್ನಿ ಕಾಯಿಲೆ ಕಂಡದ್ದು 2023ರಲ್ಲಿ ಸುದ್ದಿಯಾಗಿತ್ತು. ಕಾಲು ಬಾವು, ಮೂತ್ರದಲ್ಲಿ ಬಿಡದ ನೊರೆ ಇದ್ದರೆ ವೈದ್ಯರಿಗೆ ಕ್ರೀಮಿನ ಸಂಗತಿಯನ್ನೂ ಹೇಳಬೇಕು.

ಹಾಗಾದರೆ ಬಂಗಿಗೆ ಏನು ಮಾಡಬೇಕು? ಮೊದಲು ಬೆಳಕು. ಸನ್‌ಸ್ಕ್ರೀನ್ ಹಚ್ಚುವವರೂ ಕಾಳಷ್ಟು ಹಚ್ಚುತ್ತಾರೆ. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಗೆರೆ ಎಳೆದಷ್ಟು ಕ್ರೀಮು ಮುಖ ಕುತ್ತಿಗೆಗೆ ಬೇಕು, ಅಂದರೆ ಒಂದು ಗ್ರಾಮಿನ ಆಚೀಚೆ. ದಿನಕ್ಕೆ ಎರಡು ಸಲ ಎಂದರೆ 50 ಗ್ರಾಮಿನ ಟ್ಯೂಬು ಇಪ್ಪತ್ತೈದು ದಿನಕ್ಕೆ ಮುಗಿಯಬೇಕು. ನಿಮ್ಮ ಟ್ಯೂಬು ಯುಗಾದಿಗೆ ತಂದದ್ದು ದಸರೆಗೂ ಉಳಿದಿದ್ದರೆ ಅದು ಕೆಲಸ ಮಾಡಿಲ್ಲ. ಬಿಸಿಲು ತಡೆಯುವ ಬಲದ ಅಳತೆಯಾದ ಎಸ್‌ಪಿಎಫ್ 30 ಅಥವಾ 50 ಸಾಕು. 100 ಎಂದು ಹೆಚ್ಚು ಕಾಸು ಕೊಡಬೇಕಿಲ್ಲ. ಬಂಗು ಇದ್ದವರಿಗೆ ಚರ್ಮದ ಬಣ್ಣದ, ಐರನ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್ ಮೇಲು, ಏಕೆಂದರೆ ಬಂಗನ್ನು ಕೆರಳಿಸುವುದು ನೇರಳಾತೀತ ಕಿರಣ ಮಾತ್ರವಲ್ಲ, ಕಣ್ಣಿಗೆ ಕಾಣುವ ಬೆಳಕೂ ಹೌದು. ಹೊರಗೆ ಕೆಲಸವಿದ್ದರೆ ಎರಡು ಮೂರು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಮೆಕ್ಕೆಜೋಳದ ಹೊಲದಲ್ಲಿ ಬೆವರಿನ ನಡುವೆ ಇದಾಗದು ಎಂಬುದು ಗೊತ್ತಿರುವ ಮಾತೇ. ಅಲ್ಲಿ ಅಗಲ ಅಂಚಿನ ಟೋಪಿ, ಒತ್ತಾಗಿ ನೇಯ್ದ ಗಾಢ ಬಣ್ಣದ ಬಟ್ಟೆ ಕ್ರೀಮಿಗಿಂತ ಹೆಚ್ಚು ಬಾಳುತ್ತವೆ.

ಇನ್ನೊಂದು ಶಾಖ. ಮಂಡಕ್ಕಿ ಭಟ್ಟಿಯ ಮುಂದೆ, ದೋಸೆ ಕಾವಲಿಯ ಮುಂದೆ ದಿನವಿಡೀ ನಿಲ್ಲುವವರಿಗೆ ಬಿಸಿಲು ತಾಗದಿದ್ದರೂ ಬಂಗು ಗಾಢವಾಗುವುದುಂಟು. ಸನ್‌ಸ್ಕ್ರೀನ್ ಶಾಖ ತಡೆಯುವುದಿಲ್ಲ. ಒಲೆಯಿಂದ ಒಂದು ಮೊಳ ದೂರ, ಹೊಗೆ ಝಳ ಹೊರಗೆಳೆಯುವ ಫ್ಯಾನು, ನಡುನಡುವೆ ತಣ್ಣೀರಿನ ಬಟ್ಟೆ, ಇಷ್ಟೇ ಉಪಾಯ.

ಹಚ್ಚುವ ಔಷಧಗಳಲ್ಲಿ ಸ್ಟೀರಾಯ್ಡ್ ಇಲ್ಲದವೂ ಇವೆ: ಅಜೆಲಾಯಿಕ್ ಆಮ್ಲ 15–20%, ನಯಾಸಿನಮೈಡ್ 4–5%, ಕೋಜಿಕ್ ಆಮ್ಲ. ಗರ್ಭಿಣಿಯರಿಗೆ ಟ್ರೆಟಿನಾಯಿನ್ ಮತ್ತು ಹೈಡ್ರೋಕ್ವಿನೋನ್ ಬೇಡ, ಅಜೆಲಾಯಿಕ್ ಆಗಬಹುದು. ಬಸುರಿನಲ್ಲಿ ಬಂದ ಬಂಗು ಹೆರಿಗೆಯ ನಂತರ ತಾನಾಗಿ ತಿಳಿಯಾಗುವುದೂ ಇದೆ, ಅವಸರ ಬೇಡ. ಟ್ರಾನೆಕ್ಸಾಮಿಕ್ ಆಮ್ಲದ 250 ಮಿಲಿಗ್ರಾಂ ಮಾತ್ರೆಯನ್ನು ದಿನಕ್ಕೆರಡರಂತೆ ಕೆಲವು ತಿಂಗಳು ಕೊಡುವ ಪದ್ಧತಿ ಈಗ ಹೆಚ್ಚಾಗಿದೆ, ಗುಣವೂ ಕಾಣುತ್ತದೆ. ಆದರೆ ಅದು ರಕ್ತಸ್ರಾವ ನಿಲ್ಲಿಸುವ ಔಷಧ. ಕಾಲಿನ ನರದಲ್ಲಿ ರಕ್ತ ಹೆಪ್ಪುಗಟ್ಟಿದ್ದವರು, ಪಾರ್ಶ್ವವಾಯು ಆದವರು, ಗರ್ಭನಿರೋಧಕ ಮಾತ್ರೆ ನುಂಗುತ್ತಿರುವವರು ಅದನ್ನು ಗೆಳತಿಯ ಚೀಟಿ ನೋಡಿ ತಗೊಳ್ಳಬಾರದು. ಜಾಯಿಕಾಯಿ ತೇದು ಹಚ್ಚುವುದರಿಂದ ದೊಡ್ಡ ಹಾನಿಯಿಲ್ಲ, ತಿಕ್ಕಿ ತಿಕ್ಕಿ ಹಚ್ಚದಿದ್ದರೆ. ತಿಕ್ಕಿದ ಜಾಗವೇ ಕಪ್ಪಾಗುತ್ತದೆ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಮಾತ್ರ ಸುಟ್ಟ ಕಲೆ ಏಳುವ ಅಪಾಯವಿದೆ.

ಪೀಲಿಂಗ್, ಅಂದರೆ ಆಮ್ಲ ಹಚ್ಚಿ ಚರ್ಮದ ಮೇಲ್ಪದರ ಉದುರಿಸುವುದರ ಬಗ್ಗೆ ಮದುವೆ ಮನೆಯವರಿಗೆ ಒಂದು ಮಾತು. ಅರಿಶಿನ ಶಾಸ್ತ್ರಕ್ಕೆ ಮೂರು ದಿನವಿರುವಾಗ ಗ್ಲೈಕಾಲಿಕ್ ಪೀಲ್ ಮಾಡಿಸಿಕೊಂಡರೆ ಸಿಪ್ಪೆ ಏಳುತ್ತಿರುವ ಮುಖದ ಮೇಲೆ ಅರಿಶಿನ ಬೀಳುತ್ತದೆ. ಕ್ರಮ ಹೀಗೆ: ಮೊದಲು ಎರಡರಿಂದ ನಾಲ್ಕು ವಾರ ಔಷಧ ಹಚ್ಚಿ ಚರ್ಮ ಹದಮಾಡುತ್ತಾರೆ, ಪೀಲಿಗೆ ಕೆಲವು ದಿನ ಮುಂಚೆ ಟ್ರೆಟಿನಾಯಿನ್, ಬ್ಲೀಚ್, ವ್ಯಾಕ್ಸಿಂಗ್ ನಿಲ್ಲಿಸುತ್ತಾರೆ, ಗ್ಲೈಕಾಲಿಕ್ ಆದರೆ ಕಡಿಮೆ ಪ್ರಮಾಣದಿಂದ ಆರಂಭಿಸಿ, ಗಡಿಯಾರ ನೋಡಿಕೊಂಡು ನಿಮಿಷಗಳ ಲೆಕ್ಕದಲ್ಲಿ ಇಟ್ಟು, ಸೋಡಿಯಂ ಬೈಕಾರ್ಬೊನೇಟ್ ದ್ರಾವಣದಿಂದ ನಿಲ್ಲಿಸುತ್ತಾರೆ. ಎರಡು ಮೂರು ವಾರಕ್ಕೊಮ್ಮೆ, ಹಲವು ಸಲ. ನಮ್ಮ ಗೋಧಿ, ಕಂದು ಬಣ್ಣದ ಚರ್ಮದ ಸ್ವಭಾವವೇ ಪೆಟ್ಟಾದಲ್ಲಿ ಕಪ್ಪಾಗುವುದು. ಆಮ್ಲ ಅರ್ಧ ನಿಮಿಷ ಹೆಚ್ಚಾಯಿತೋ, ಇದ್ದ ಕಲೆಯ ಪಕ್ಕ ಹೊಸ ಕಲೆ. ಆನ್‌ಲೈನಿನಲ್ಲಿ ಸಿಗುವ 70% ಆಮ್ಲದ ಬಾಟಲಿಯನ್ನು ಪಾರ್ಲರಿನಲ್ಲಿ ಹತ್ತಿಯಿಂದ ಒರೆಸುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಲೇಸರ್ ಮೇಲೆ ಜನರಿಗೆ ಅತಿ ನಂಬಿಕೆ. ಹುಟ್ಟಿನಿಂದಲೋ ಹರೆಯದಲ್ಲೋ ಮುಖದ ಒಂದೇ ಬದಿಗೆ, ಕಣ್ಣಿನ ಬಿಳಿಯಲ್ಲೂ ಕಾಣುವ ನೀಲಿ ಮಚ್ಚೆಗೆ 1064 ನ್ಯಾನೋಮೀಟರ್ ಕ್ಯೂ-ಸ್ವಿಚ್ಡ್ ಲೇಸರ್ ಒಳ್ಳೆಯ ಚಿಕಿತ್ಸೆ. ಬಂಗಿಗೆ ಅದು ಮೊದಲ ಆಯ್ಕೆಯಲ್ಲ. ಕೆಲವು ತಿಂಗಳಿಗೆ ಬಂಗು ಮರಳುತ್ತದೆ. ವಾರವಾರ ಹೊಡೆಸಿಕೊಂಡವರಲ್ಲಿ ಕೆಲವರಿಗೆ ಸುಣ್ಣ ಚಿಮುಕಿಸಿದಂತೆ ಬಿಳಿ ಚುಕ್ಕೆ ಉಳಿದುಬಿಡುತ್ತವೆ.

ಬಂಗು ಎಂದುಕೊಂಡದ್ದೆಲ್ಲ ಬಂಗೂ ಅಲ್ಲ. ಕುತ್ತಿಗೆ ಹಿಂದೆ, ಹಣೆಯ ಪಕ್ಕ ಮಖಮಲ್ಲಿನಂತೆ ದಪ್ಪಗಾದ ಕಪ್ಪಿಗೆ ಕ್ರೀಮು ಬೇಡ, ತೂಕ ಮತ್ತು ಸಕ್ಕರೆ ಪರೀಕ್ಷೆ ಬೇಕು. ಕುಂಕುಮ ಇಡುವಲ್ಲೇ ಕಪ್ಪಾದರೆ ಅದರ ಬಣ್ಣದ ಅಲರ್ಜಿ ಇರಬಹುದು. ತಲೆಗೆ ಡೈ ಹಚ್ಚುವವರ ಹಣೆ, ಕಿವಿಯ ಮುಂದೆ ಬೂದುಗಪ್ಪು ಬಣ್ಣ ಬಂದರೆ ಮೊದಲು ಡೈ ನಿಲ್ಲಿಸಿ ನೋಡಬೇಕು.

ಸುಕ್ಕಿನ ವಿಷಯ ಚಿಕ್ಕದು. ಹಚ್ಚುವುದರಲ್ಲಿ ಗಟ್ಟಿ ಪುರಾವೆ ಇರುವುದು ಸನ್‌ಸ್ಕ್ರೀನಿಗೆ ಮತ್ತು ಟ್ರೆಟಿನಾಯಿನ್‌ಗೆ. 0.025%ರದ್ದು, ಬಟಾಣಿ ಗಾತ್ರ, ಮುಖ ತೊಳೆದು 20 ನಿಮಿಷ ಒಣಗಿದ ಮೇಲೆ, ಮೊದಲು ದಿನ ಬಿಟ್ಟು ದಿನ ರಾತ್ರಿ. ಸ್ನಾಯು ಸಡಿಲಿಸುವ ಚುಚ್ಚುಮದ್ದು ಬೊಟಾಕ್ಸ್ ಹುಬ್ಬಿನ ನಡುವಿನ ಗೆರೆಗೆ ಸಾಮಾನ್ಯವಾಗಿ 20 ಯೂನಿಟ್. ಪೂರ್ಣ ಫಲ ಎರಡು ವಾರಕ್ಕೆ, ಉಳಿಯುವುದು ಮೂರು ನಾಲ್ಕು ತಿಂಗಳು. ಚರ್ಮದಡಿ ತುಂಬುವ ಹೈಯಲುರೋನಿಕ್ ಆಮ್ಲದ ಜೆಲ್, ಅಂದರೆ ಫಿಲ್ಲರ್ ಹಾಕಿಸುವವರು ‘ಹೈಯಲುರೋನಿಡೇಸ್ ಇಟ್ಟಿದ್ದೀರಾ?’ ಎಂದು ಕೇಳಲೇಬೇಕು. ಫಿಲ್ಲರ್ ರಕ್ತನಾಳಕ್ಕೆ ಹೋಗಿ ಚರ್ಮ ಬಿಳಿಚಿಕೊಂಡರೆ, ದೃಷ್ಟಿ ಮಂಜಾದರೆ ಆ ಜೆಲ್ ಕರಗಿಸುವ ಚುಚ್ಚುಮದ್ದು ಅದೇ, ಆಗ ಬೆಂಗಳೂರಿಗೆ ಕಳಿಸುವಷ್ಟು ಸಮಯ ಇರುವುದಿಲ್ಲ.

ಜಿಲ್ಲೆಯ ಔಷಧ ಪರಿವೀಕ್ಷಕರು ಬಂಗಿನ ಟ್ಯೂಬುಗಳು ಅಂಗಡಿಗೆ ಎಷ್ಟು ಬಂದವು, ಚೀಟಿಯ ಮೇಲೆ ಎಷ್ಟು ಹೋದವು ಎಂದು ಒಂದು ತಿಂಗಳ ಲೆಕ್ಕ ತಾಳೆ ನೋಡಲಿ. ಗ್ರಾಹಕರು ಟ್ಯೂಬು ಕೊಂಡಾಗ ಬ್ಯಾಚ್ ನಂಬರಿರುವ ಬಿಲ್ಲು ಕೇಳಿ ಪಡೆಯಲಿ. ಬಿಲ್ಲು ಕೊಡಲು ಹಿಂದೇಟು ಹಾಕಿದ ಅಂಗಡಿಯಲ್ಲಿ ಆ ಟ್ಯೂಬನ್ನು ಅಲ್ಲೇ ಬಿಟ್ಟು ಬರಲಿ.

— ಚರ್ಮರೋಗ ವೈದ್ಯೆ, ವಿದ್ಯಾನಗರ, ದಾವಣಗೆರೆ